ಮರಳಿ ಮಂಜಿಗೆ

ನಮ್ಮ ವಿದ್ಯಾರ್ಥಿನಿಲಯದಲ್ಲಿ ರಾತ್ರಿಯ ಊಟವಾದ ಮೇಲೆ ಅರ್ಧ ಗಂಟೆಯಾದರೂ ವಾದ ನಡೆಯದಿದ್ದರೆ ಯಾರಿಗೂ ನಿದ್ರೆ ಹತ್ತುವುದಿಲ್ಲ. ವಿಷಯ ಯಾವುದಾದರೂ ಆದೀತು. ಒಂದು ರಾತ್ರಿ ಎದ್ದ ಪ್ರಶ್ನೆ ಇದು: ಆಟಗಾರನಾದವನು ಆಟವನ್ನು ಯಾವಾಗ ಬಿಡಬೇಕು? ಕ್ರಿಕೆಟ್ಟಿನಿಂದ ಆರಂಭವಾದ ಮಾತು ಎಲ್ಲೆಲ್ಲೋ ಹರಿದು, ಕೊನೆಗೆ ನನ್ನ ಕೋಣೆಯ ಮಿತ್ರನ ತೀರ್ಪಿಗೆ ಬಂದು ನಿಂತಿತು. ಅವನು ಅರ್ಥಶಾಸ್ತ್ರದ ವಿದ್ಯಾರ್ಥಿ. ಲಾಭ ನಷ್ಟಗಳನ್ನು ತೂಗದೆ ಮಾತನಾಡುವವನಲ್ಲ. "ಮೇಲಿರುವಾಗಲೇ ಇಳಿದುಬಿಡಬೇಕು ಕಣೋ. ಇಳಿದ ಮೇಲೆ ಮತ್ತೆ ಹತ್ತುವುದಕ್ಕೆ ಹೋಗಬಾರದು. ಹೋದವನು ಇದ್ದ ಹೆಸರನ್ನೂ ಕಳೆದುಕೊಂಡು ಬರುತ್ತಾನೆ" ಎಂದ. ಕುಳಿತಿದ್ದವರೆಲ್ಲ ತಲೆದೂಗಿದರು. ನಾನು ತೂಗಲಿಲ್ಲ. ಆದರೆ ಆ ಹೊತ್ತಿಗೆ ಸರಿಯಾದ ಉತ್ತರವೂ ಹೊಳೆಯಲಿಲ್ಲ. ವಾದದಲ್ಲಿ ಸೋತವನಿಗೆ ಉತ್ತರ ಹೊಳೆಯುವುದು ಹಾಸಿಗೆಯ ಮೇಲೆ ಮಲಗಿದಾಗಲೇ ಅಲ್ಲವೇ? ಸಂಚಿಕೆಯ ಸಂಪಾದಕರು ಲೇಖನ ಕೇಳಿದ್ದು ಅನುಕೂಲವಾಯಿತು. ಆ ರಾತ್ರಿಯ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಫಿಗರ್ ಸ್ಕೇಟಿಂಗ್ ಎಂಬ ಆಟವನ್ನು, ಅಂದರೆ ಮಂಜುಗಡ್ಡೆಯ ನೆಲದ ಮೇಲೆ ಸಂಗೀತಕ್ಕೆ ತಕ್ಕಂತೆ ಜಾರುತ್ತ, ಸುತ್ತುತ್ತ, ನೆಗೆಯುತ್ತ ಆಡುವ ಆಟವನ್ನು. ವಾಚಕರು ನಗಬಹುದು. ನಮ್ಮ ಸೀಮೆಯಲ್ಲಿ ಮಂಜುಗಡ್ಡೆಯೆಂದರೆ ಕಬ್ಬಿನ ಹಾಲಿನ ಅಂಗಡಿಯವನು ಗೋಣಿಚೀಲದಲ್ಲಿ ಸುತ್ತಿಟ್ಟು ಬಡಿದು ಒಡೆಯುವ ಗಡ್ಡೆ. ಅದರ ಮೇಲೆ ಮನುಷ್ಯರು ಕುಣಿಯುವುದನ್ನು ನಾವಾರೂ ಕಣ್ಣಾರೆ ಕಂಡವರಲ್ಲ. ನಾನು ಕಂಡದ್ದೂ ಅಂಗೈಯಗಲದ ಮೊಬೈಲ್ ಪರದೆಯ ಮೇಲೆ. ಆದರೂ ಕ್ರಿಕೆಟ್ಟನ್ನು ಬಿಟ್ಟು ಇದನ್ನು ಹಿಡಿದದ್ದಕ್ಕೆ ಕಾರಣವುಂಟು. ಕ್ರಿಕೆಟ್ಟಿನಲ್ಲಿ ಒಬ್ಬನು ಸೋತರೆ ಹತ್ತು ಜನ ಹೊರುತ್ತಾರೆ. ಇಲ್ಲಿ ಅಷ್ಟು ದೊಡ್ಡ ಬಿಳಿಯ ಬಯಲಿನಲ್ಲಿ ಒಬ್ಬಳೇ ಹುಡುಗಿ. ಮರೆಯಾಗಿ ನಿಲ್ಲುವುದಕ್ಕೆ ಒಂದು ಕಂಬವೂ ಇಲ್ಲ. ಬಿದ್ದರೆ ಲೋಕವೆಲ್ಲ ನೋಡುತ್ತದೆ. ಆದ್ದರಿಂದ ಆಟವನ್ನು ಬಿಟ್ಟು ಮತ್ತೆ ಬರುವುದು ಎಂದರೇನು ಎಂಬುದು ಈ ಆಟದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣದು.

ಆಟದ ಕಷ್ಟವನ್ನು ಸ್ವಲ್ಪ ಹೇಳಬೇಕು. ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ಬೂಟಿನ ಕೆಳಗಿರುವ ಉಕ್ಕಿನ ಅಲಗು ಸುಮಾರು 4 ಮಿಲಿಮೀಟರ್ ದಪ್ಪದ್ದು. ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು. ಹೀಗಾಗಿ ಅದಕ್ಕೆ ಒಳ ಅಂಚು, ಹೊರ ಅಂಚು ಎಂದು ಎರಡು ಅಂಚುಗಳು. ಯಾವ ನೆಗೆತಕ್ಕೆ ಯಾವ ಅಂಚು ಎಂಬ ಕಟ್ಟಳೆಯುಂಟು. ಅಂಚು ತಪ್ಪಿದರೆ, ನೋಡುವವರ ಕಣ್ಣಿಗೆ ನೆಗೆತ ಎಷ್ಟೇ ಚೆನ್ನಾಗಿ ಕಂಡಿರಲಿ, ಅಂಕ ಕಡಿಮೆಯಾಗುತ್ತದೆ. ಒಂದು ಸೆಕೆಂಡಿಗೂ ಕಡಿಮೆ ಕಾಲ ಗಾಳಿಯಲ್ಲಿದ್ದು, ಅಷ್ಟರಲ್ಲಿ ಮೂರು ಸುತ್ತು ತಿರುಗಿ, ಹಿಮ್ಮುಖವಾಗಿ ಒಂದೇ ಕಾಲಿನ ಮೇಲೆ ಇಳಿಯಬೇಕು. ಇಳಿಯುವಾಗ ಮೈಭಾರದ ಹಲವು ಪಟ್ಟು ಭಾರ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ಆಕ್ಸೆಲ್ ಎಂಬ ನೆಗೆತ ಮಾತ್ರ ಮುಮ್ಮುಖವಾಗಿ ಹಾರುವಂಥದು. ಹಾರುವುದು ಮುಂದಕ್ಕೆ, ಇಳಿಯುವುದು ಹಿಂದಕ್ಕೆ. ಆದ್ದರಿಂದ ಅರ್ಧ ಸುತ್ತು ಹೆಚ್ಚು. ಟ್ರಿಪಲ್ ಆಕ್ಸೆಲ್ ಎಂದರೆ ಮೂರೂವರೆ ಸುತ್ತು. ಈ ವಿದ್ಯೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟು, ಬೇಕಾದಾಗ ತೆಗೆದು ಓದಿಕೊಳ್ಳುವಂತಿಲ್ಲ. ಅದು ಮೈಯಲ್ಲಿ ಮಾತ್ರ ಉಳಿಯುತ್ತದೆ. ಮೈಯೋ ಬಹು ಬೇಗ ಮರೆಯುತ್ತದೆ.

ಇನ್ನು ಇಬ್ಬರು ಹುಡುಗಿಯರ ವಿಚಾರ. ಒಬ್ಬಳು ದಕ್ಷಿಣ ಕೊರಿಯಾದ ಕಿಮ್ ಯೂನಾ, ಇನ್ನೊಬ್ಬಳು ಜಪಾನಿನ ಮಾವೋ ಅಸಾದಾ. ಇಬ್ಬರೂ ಹುಟ್ಟಿದ್ದು 1990ರ ಸೆಪ್ಟೆಂಬರಿನಲ್ಲಿ, ಇಪ್ಪತ್ತು ದಿನಗಳ ಅಂತರದಲ್ಲಿ. ಬಾಲ್ಯದಿಂದಲೂ ಒಬ್ಬಳ ಹೆಸರು ಹೇಳಿದರೆ ಇನ್ನೊಬ್ಬಳ ಹೆಸರು ಬರಲೇಬೇಕು ಎಂಬಂತೆ ಬೆಳೆದವರು. 2010ರಲ್ಲಿ ಕೆನಡಾದ ವ್ಯಾಂಕೂವರಿನ ಒಲಿಂಪಿಕ್ಸಿನಲ್ಲಿ ಕಿಮ್ 228.56 ಅಂಕ ಗಳಿಸಿ ಚಿನ್ನ ಗೆದ್ದಳು. ಅದುವರೆಗೆ ಯಾವ ಹೆಂಗಸೂ ಮುಟ್ಟದ ಅಂಕವದು. ಅಸಾದಾ ಅದೇ ಪಂದ್ಯದಲ್ಲಿ ಮೂರು ಬಾರಿ ಟ್ರಿಪಲ್ ಆಕ್ಸೆಲ್ ನೆಗೆದು 205.50 ಅಂಕ ಪಡೆದು ಬೆಳ್ಳಿ ತೆಗೆದುಕೊಂಡಳು. ಇಬ್ಬರಿಗೂ ಆಗ ಹತ್ತೊಂಬತ್ತು ವರ್ಷ. ನಮ್ಮಲ್ಲಿ ಎರಡನೆಯ ಬಿ.ಎ. ಓದುವ ವಯಸ್ಸು.

ಕಿಮ್ ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಮಿತ್ರನ ಸೂತ್ರಕ್ಕೆ ಆಕೆಗಿಂತ ಒಳ್ಳೆಯ ನಿದರ್ಶನ ಬೇಕಾಗಿರಲಿಲ್ಲ. ಗೆಲ್ಲಬೇಕಾದದ್ದೆಲ್ಲ ಕೈಗೆ ಬಂದಿತ್ತು, ಮನಸ್ಸೂ ಬರಿದಾಗಿತ್ತು. 2011ರಲ್ಲಿ ಮಾಸ್ಕೋದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಬೆಳ್ಳಿ ಪಡೆದ ಮೇಲೆ ಆಕೆ ಸ್ಪರ್ಧೆಯ ಕಡೆ ತಿರುಗಿ ನೋಡಲಿಲ್ಲ. ಒಂದೂವರೆ ವರ್ಷಕ್ಕೂ ಮೀರಿ ಕಳೆಯಿತು. ಆ ಅವಧಿಯಲ್ಲಿ ಪ್ರದರ್ಶನಗಳಲ್ಲಿ ಆಡಿದ್ದುಂಟು. 2018ರ ಚಳಿಗಾಲದ ಒಲಿಂಪಿಕ್ಸನ್ನು ತನ್ನ ದೇಶದ ಪ್ಯೊಂಗ್‌ಚಾಂಗಿಗೆ ತರಲು ದುಡಿದದ್ದುಂಟು. ಆದರೆ ತೀರ್ಪುಗಾರರ ಮುಂದೆ ನಿಂತಿರಲಿಲ್ಲ. 2012ರ ಜುಲೈಯಲ್ಲಿ ಪತ್ರಕರ್ತರನ್ನು ಕರೆದು, ಸೋಚಿಯ ಒಲಿಂಪಿಕ್ಸಿನವರೆಗೆ ಆಡುವೆನೆಂದೂ, ಅದೇ ತನ್ನ ಕೊನೆಯ ಆಟವೆಂದೂ ತಿಳಿಸಿದಳು.

ಮರಳಿ ಬಂದ ಬಗೆಯನ್ನು ನೋಡಿ. ಹಿಂದೆ ಕೆನಡಾದಲ್ಲಿ ಪ್ರಸಿದ್ಧ ಗುರುವಿನ ಬಳಿ ಅಭ್ಯಾಸ ಮಾಡಿದವಳು, ಈಗ ತನ್ನ ದೇಶದಲ್ಲಿ, ತನಗೆ ಚಿಕ್ಕಂದಿನಲ್ಲಿ ಕಲಿಸಿದ ಗುರುಗಳ ಕೈಕೆಳಗೇ ಮತ್ತೆ ನಿಂತಳು. ವಿಶ್ವ ಸ್ಪರ್ಧೆಗೆ ಹೋಗಬೇಕಾದರೆ ಮೊದಲು ಬೇರೊಂದು ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕನಿಷ್ಠ ಅಂಕ ಗಳಿಸಿರಬೇಕೆಂಬ ನಿಯಮವಿತ್ತು. ಒಲಿಂಪಿಕ್ ಚಿನ್ನವಿದ್ದವಳೆಂದು ಯಾರೂ ವಿನಾಯಿತಿ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. 2012ರ ಡಿಸೆಂಬರಿನಲ್ಲಿ ಆಕೆ ಜರ್ಮನಿಯ ಡಾರ್ಟ್‌ಮುಂಡಿನ ಒಂದು ಸಣ್ಣ ಸ್ಪರ್ಧೆಗೆ, ಹೊಸಬಳು ಹೋಗುವಂತೆ ಹೋದಳು. ಅಲ್ಲಿಯ ಆಟದಲ್ಲಿ ತಪ್ಪುಗಳಿಲ್ಲದೆ ಇರಲಿಲ್ಲ; ಆದರೂ 201.61 ಅಂಕ ಬಂದವು. ಆಮೇಲೆ ತನ್ನ ದೇಶದ ರಾಷ್ಟ್ರೀಯ ಪಂದ್ಯ. ಆಮೇಲೆ 2013ರ ಮಾರ್ಚಿನಲ್ಲಿ ಕೆನಡಾದ ಲಂಡನ್ ಎಂಬ ಪಟ್ಟಣದಲ್ಲಿ ವಿಶ್ವ ಚಾಂಪಿಯನ್‌ಷಿಪ್.

(ಕೆನಡಾದಲ್ಲಿಯೂ ಒಂದು ಲಂಡನ್ ಇದೆ, ಅದರ ಪಕ್ಕದಲ್ಲಿ ಹರಿಯುವ ಹೊಳೆಗೆ ಥೇಮ್ಸ್ ಎಂದೇ ಹೆಸರು ಎಂಬುದು ನನಗೆ ಗೊತ್ತಾದದ್ದು ಈ ಲೇಖನಕ್ಕಾಗಿ ಓದುವಾಗ. ಭೂಗೋಳದ ಮೇಷ್ಟ್ರು ಕ್ಷಮಿಸಬೇಕು.)

ಕಿರು ಪ್ರದರ್ಶನದಲ್ಲಿ ಆಕೆಯ ಒಂದು ನೆಗೆತಕ್ಕೆ ಅಂಚು ತಪ್ಪಿದೆಯೆಂದು ಅಂಕ ಕಡಿದರು. ಆದರೂ 69.97 ಪಡೆದು ಮೊದಲಿಗಳಾಗಿಯೇ ಉಳಿದಳು. ಎರಡು ದಿನಗಳ ಮೇಲೆ ದೀರ್ಘ ಪ್ರದರ್ಶನ. ‘ಲೇ ಮಿಸರಾಬ್ಲ್’ ಸಂಗೀತ. ಎಲ್ಲರ ಆಟ ಮುಗಿದ ಮೇಲೆ ಕೊನೆಯ ಸರದಿ ಆಕೆಯದು. ಆ ನಾಲ್ಕು ನಿಮಿಷಗಳನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಂದು ತಪ್ಪೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಆತುರವಿಲ್ಲ. ನೆಗೆತದಿಂದ ಇಳಿದ ಕಾಲು ಹಾಗೆಯೇ ಮುಂದಿನ ಹೆಜ್ಜೆಗೆ ಹರಿದು ಹೋಗುತ್ತದೆ. ಆ ಆಟಕ್ಕೆ 148.34 ಅಂಕ; ಒಟ್ಟು 218.31. ಎರಡನೆಯವಳಾದ ಇಟಲಿಯ ಕರೊಲೀನಾ ಕೋಸ್ಟ್‌ನರಿಗೆ 197.89. ಇಪ್ಪತ್ತು ಅಂಕಗಳಿಗೂ ಮೀರಿದ ಅಂತರ! ಪದಕ ಕೊಡುವಾಗ ಆ ಊರಿನ ಹೆಣ್ಣುಮಕ್ಕಳ ಗಾಯನ ವೃಂದವೊಂದು ಕೊರಿಯಾದ ರಾಷ್ಟ್ರಗೀತೆಯನ್ನು ಕೊರಿಯನ್ ಭಾಷೆಯಲ್ಲಿಯೇ ಹಾಡಿತು.

ಈ ವಿಜಯವನ್ನು ತೋರಿಸಿದರೆ ನನ್ನ ಮಿತ್ರನ ಬಾಯಿ ಮುಚ್ಚಿಸಬಹುದೆಂದು ಮೊದಲು ಎಣಿಸಿದ್ದೆ. ಬಳಿಕ ಅದು ಉತ್ತರವಲ್ಲವೆಂದು ತೋರಿತು. ಗೆದ್ದವಳನ್ನು ತೋರಿಸಿ ‘ನೋಡು, ಮರಳಿ ಬಂದದ್ದು ಸರಿಯಾಯಿತು’ ಎಂದರೆ, ಸೋತಿದ್ದರೆ ತಪ್ಪಾಗುತ್ತಿತ್ತೆಂದು ಒಪ್ಪಿಕೊಂಡ ಹಾಗಾಯಿತು. ಅದೂ ಅವನ ಲೆಕ್ಕವೇ.

ಕಿಮ್‌ಳ ಮರಳುವಿಕೆಯಲ್ಲಿ ನನಗೆ ಚಿನ್ನಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೊಂದು ಸಂಗತಿ. ಒಲಿಂಪಿಕ್ಸಿಗೆ ಒಂದು ದೇಶದಿಂದ ಎಷ್ಟು ಜನ ಹೋಗಬಹುದೆಂಬುದು ಅದರ ಹಿಂದಿನ ವರ್ಷದ ವಿಶ್ವ ಸ್ಪರ್ಧೆಯಲ್ಲಿ ಆ ದೇಶದವರು ಪಡೆದ ಸ್ಥಾನದಿಂದ ತೀರ್ಮಾನವಾಗುತ್ತದೆ. 2013ರಲ್ಲಿ ಹೆಂಗಸರ ವಿಭಾಗದಲ್ಲಿ ಕೊರಿಯಾಕ್ಕೆ ಇದ್ದದ್ದು ಒಂದೇ ಸ್ಥಾನ. ಒಬ್ಬಳೇ ಹೋದಾಗ ಆಕೆ ಮೊದಲನೆಯವಳೋ ಎರಡನೆಯವಳೋ ಆದರೆ ಮುಂದೆ ಮೂವರಿಗೆ ಅವಕಾಶ. ಮೂರರಿಂದ ಹತ್ತರೊಳಗಾದರೆ ಇಬ್ಬರಿಗೆ. ಕಿಮ್ ಮೊದಲನೆಯವಳಾದಳು. ಆದ್ದರಿಂದ 2014ರಲ್ಲಿ ಸೋಚಿಗೆ ಆಕೆಯ ಜೊತೆ ಪಾಕ್ ಸೋ-ಯೊನ್, ಕಿಮ್ ಹೇ-ಜಿನ್ ಎಂಬ ಇನ್ನಿಬ್ಬರು ಹುಡುಗಿಯರು ಹೋದರು. ಇಬ್ಬರೂ 1997ರಲ್ಲಿ ಹುಟ್ಟಿದವರು, ಯೂನಾಳನ್ನು ನೋಡುತ್ತ ಬೆಳೆದವರು. ಒಬ್ಬಳು 21ನೆಯವಳಾದಳು, ಇನ್ನೊಬ್ಬಳು 16ನೆಯವಳು. ಪದಕಗಳ ಪಟ್ಟಿಯಲ್ಲಿ ಈ ಸಂಖ್ಯೆಗಳಿಗೆ ಎಡೆಯಿಲ್ಲ. ಆದರೆ ಆ ಬಾಗಿಲು ತೆರೆದದ್ದು ಒಬ್ಬಳು ಮರಳಿ ಬಂದದ್ದರಿಂದ. ಹತ್ತು ವರ್ಷಗಳ ತರುವಾಯ, 2023ರಲ್ಲಿ, ಲೀ ಹೇ-ಇನ್ ಎಂಬಾಕೆ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಬೆಳ್ಳಿ ಗೆದ್ದಳು. ನಡುವಿನ ಕಾಲದಲ್ಲಿ ಆ ದೇಶದ ಯಾವ ಹೆಂಗಸಿಗೂ ಅಲ್ಲಿ ಪದಕ ದೊರೆತಿರಲಿಲ್ಲ.

ಸೋಚಿಯಲ್ಲಿ ಕಿಮ್‌ಗೆ ಚಿನ್ನ ಬರಲಿಲ್ಲ. 219.11 ಅಂಕ ಪಡೆದು ರಷ್ಯದ ಅಡೆಲಿನಾ ಸೊಟ್ನಿಕೋವಾಳ ಹಿಂದೆ ನಿಂತಳು. ಆ ತೀರ್ಪಿನ ವಿಷಯದಲ್ಲಿ ಇಂದಿಗೂ ಜನ ಕಾದಾಡುತ್ತಾರೆ. ಅಂಚುಗಳನ್ನು ನೋಡಿ ನಿರ್ಣಯಿಸುವಷ್ಟು ಕಣ್ಣು ನನಗಿಲ್ಲವಾದ್ದರಿಂದ ನಾನು ಆ ಜಗಳಕ್ಕೆ ಹೋಗುವುದಿಲ್ಲ.

ಈಗ ಕಠಿನವಾದ ಉದಾಹರಣೆಗೆ ಬರುತ್ತೇನೆ. ಮಾವೋ ಅಸಾದಾ.

ಈಕೆಯ ಜೀವನದಲ್ಲಿ ಬೀಳುವುದು ಏಳುವುದು ಹೊಸದಲ್ಲ. 2011ರ ಡಿಸೆಂಬರಿನಲ್ಲಿ ಸ್ಪರ್ಧೆಗೆಂದು ಕೆನಡಾಕ್ಕೆ ಹೋಗಿದ್ದಾಗ ತಾಯಿಯ ಸ್ಥಿತಿ ಕೆಟ್ಟಿತೆಂದು ಸುದ್ದಿ ಬಂತು. ಆಡದೆಯೇ ಹಿಂದಿರುಗಿದಳು. ತಾಯಿ ತೀರಿಕೊಂಡರು. ಅದೇ ತಿಂಗಳು ರಾಷ್ಟ್ರೀಯ ಸ್ಪರ್ಧೆಯಲ್ಲಿ ನಿಂತು ಗೆದ್ದಳು. 2014ರಲ್ಲಿ ಸೋಚಿಯ ಮೊದಲ ರಾತ್ರಿ ಆಕೆಯ ಟ್ರಿಪಲ್ ಆಕ್ಸೆಲ್ ಬಿತ್ತು, ಉಳಿದದ್ದೂ ಕೆಟ್ಟಿತು. 55.51 ಅಂಕ, 16ನೆಯ ಸ್ಥಾನ. ಜಪಾನಿನ ಮಾಜಿ ಪ್ರಧಾನಿಯೊಬ್ಬರು, ಮುಖ್ಯ ಗಳಿಗೆಯಲ್ಲಿ ಈ ಹುಡುಗಿ ಯಾವಾಗಲೂ ಬೀಳುತ್ತಾಳೆ ಎಂಬರ್ಥದ ಮಾತನ್ನೂ ಆಡಿದರು. ಕುರ್ಚಿಯ ಮೇಲೆ ಕುಳಿತವರು ಬೀಳುವುದು ಕಡಿಮೆ. ಮರುರಾತ್ರಿ ಆಕೆ ಬಂದು ಟ್ರಿಪಲ್ ಆಕ್ಸೆಲ್ಲಿನಿಂದಲೇ ಆರಂಭಿಸಿ ತನ್ನ ಜೀವನದ ಅತ್ಯುತ್ತಮ ದೀರ್ಘ ಪ್ರದರ್ಶನವನ್ನು ಕೊಟ್ಟಳು. 142.71. ಆದರೂ ಒಟ್ಟಿನಲ್ಲಿ 6ನೆಯ ಸ್ಥಾನಕ್ಕಿಂತ ಮೇಲೇರಲಾಗಲಿಲ್ಲ. ಮರುತಿಂಗಳು ತನ್ನ ದೇಶದ ಸೈತಾಮಾದಲ್ಲಿ ವಿಶ್ವ ಚಾಂಪಿಯನ್ ಆದಳು, ಮೂರನೆಯ ಬಾರಿಗೆ.

ಆಮೇಲೆ ಒಂದು ವರ್ಷ ವಿರಾಮ. ನಮ್ಮ ಮಿತ್ರನ ಸೂತ್ರದಂತೆ ಇದೇ ಇಳಿಯುವ ಸಮಯ. ಮೇಲಿರುವಾಗಲೇ ಇಳಿದ ಹಾಗೂ ಆಗುತ್ತಿತ್ತು. ಆದರೆ 2015ರ ಮೇ ತಿಂಗಳಲ್ಲಿ, ಸ್ಪರ್ಧೆಯ ಹಂಬಲ ಮತ್ತೆ ಹುಟ್ಟಿದೆಯೆಂದು ಆಕೆ ಮರಳುವುದನ್ನು ಪ್ರಕಟಿಸಿದಳು. ಆ ನವೆಂಬರಿನಲ್ಲಿ ಚೀನಾದಲ್ಲಿ ನಡೆದ ಸ್ಪರ್ಧೆಯನ್ನು ಗೆದ್ದಾಗ, ‘ಮೊದಲಿನ ಮಾವೋ ಬಂದಳು’ ಎಂದು ಅಭಿಮಾನಿಗಳು ಹಿಗ್ಗಿರಬೇಕು. ಅಲ್ಲಿಂದ ಇಳಿಜಾರು. 2016ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ 7ನೆಯವಳು. ಮರುಋತುವಿನಲ್ಲಿ ಅಮೆರಿಕದಲ್ಲಿ 6, ಫ್ರಾನ್ಸಿನಲ್ಲಿ 9. ಎಡ ಮೊಣಕಾಲು ನೋಯುತ್ತಿತ್ತು. ಯಾವ ನೆಗೆತಕ್ಕೆ ಆಕೆಯ ಹೆಸರು ಅಂಟಿಕೊಂಡಿತ್ತೋ ಅದೇ ಕೈಕೊಡುತ್ತಿತ್ತು. 2016ರ ಡಿಸೆಂಬರಿನಲ್ಲಿ, ತಾನು ಆರು ಬಾರಿ ಗೆದ್ದಿದ್ದ ರಾಷ್ಟ್ರೀಯ ಸ್ಪರ್ಧೆಯಲ್ಲಿ, ಹನ್ನೆರಡನೆಯವಳಾದಳು. 2017ರ ಏಪ್ರಿಲಿನಲ್ಲಿ ಸ್ಪರ್ಧೆಯಿಂದ ನಿವೃತ್ತಳಾದಳು. ವಯಸ್ಸು ಇಪ್ಪತ್ತಾರು.

ಇಲ್ಲಿ ನನ್ನ ಮಿತ್ರ ‘ನಾನು ಹೇಳಲಿಲ್ಲವೇ?’ ಎಂದು ಮೀಸೆ ತಿರುವಬಹುದು. ಅವನ ಮಾತಿನಲ್ಲಿ ಒಂದು ಅಂಶ ನಿಜವೆಂದು ನಾನು ಒಪ್ಪುತ್ತೇನೆ. ನೋಯುವ ಕಾಲನ್ನು ಇನ್ನಷ್ಟು ನೋಯಿಸುವುದು ಸರಿಯೇ ಎಂಬ ಪ್ರಶ್ನೆಗೆ ನನ್ನ ಬಳಿ ಸುಲಭವಾದ ಉತ್ತರವಿಲ್ಲ. ಮಗಳಾಗಿದ್ದರೆ ಸಾಕು ಬಿಡಮ್ಮ ಎನ್ನುತ್ತಿದ್ದೆನೋ ಏನೋ. ಕಿಮ್‌ಳ ಹಾಗೆ ಕಿರಿಯರಿಗೆ ಸ್ಥಾನ ತಂದುಕೊಟ್ಟಳು ಎಂಬ ಸಮರ್ಥನೆಯೂ ಇಲ್ಲಿಲ್ಲ. ಜಪಾನಿನಲ್ಲಿ ಕಿರಿಯರು ಬೇಕಾದಷ್ಟಿದ್ದರು. ಆಕೆಯನ್ನು ಹಿಂದೆ ಹಾಕಿದವರೂ ಅವರೇ.

ಆದರೂ ಆ ಹನ್ನೆರಡನೆಯ ಸ್ಥಾನ ಆಕೆಯ ಹೆಸರನ್ನು ಕೆಡಿಸಿತೆಂದು ನಾನು ಒಪ್ಪಲಾರೆ. ಮೂರು ವಿಶ್ವ ಪ್ರಶಸ್ತಿಗಳಲ್ಲಿ ಒಂದಾದರೂ ಅದರಿಂದ ಅಳಿಸಿಹೋಯಿತೇ? ವ್ಯಾಂಕೂವರಿನ ಮೂರು ನೆಗೆತಗಳಲ್ಲಿ ಒಂದಾದರೂ ಕಡಿಮೆಯಾಯಿತೇ? ಹೆಸರು ಬ್ಯಾಂಕಿನ ಖಾತೆಯಲ್ಲ, ಮುಂದೆ ತೆಗೆದಷ್ಟೂ ಹಿಂದಿನದು ಕರಗುವುದಕ್ಕೆ. ‘ಹೆಸರು ಉಳಿಸಿಕೊಳ್ಳುವುದಕ್ಕಾಗಿ ಬಿಡು’ ಎನ್ನುವಾಗ ನಾವು ಆಟಗಾರ್ತಿಯ ಹಿತವನ್ನು ನೋಡುತ್ತಿಲ್ಲ. ನಮ್ಮ ನೆನಪಿನ ಚಿತ್ರಕ್ಕೆ ಗೀರು ಬೀಳದಿರಲೆಂಬ ಆಸೆ ನಮ್ಮದು. ಆಕೆಗೆ ಇಪ್ಪತ್ತೈದು ವರ್ಷ, ಬದುಕಿದ್ದಾಳೆ, ಬೆಳಗ್ಗೆ ಎದ್ದು ಅಭ್ಯಾಸಕ್ಕೆ ಹೋಗಬೇಕೆಂಬ ಮನಸ್ಸಿದೆ. ಗೋಡೆಯ ಮೇಲಿನ ಪಟವಾಗಿರು ಎಂದು ಅವಳಿಗೆ ಹೇಳುವ ಅಧಿಕಾರ ನಮಗೆಲ್ಲಿಂದ ಬಂತು?

‘ಮೊದಲಿನ ಸ್ಥಿತಿಗೆ ಮರಳುವುದು’ ಎಂಬ ಮಾತೇ ನನಗೆ ಈಚೆಗೆ ಸಂಶಯಾಸ್ಪದವಾಗಿ ಕಾಣುತ್ತಿದೆ. ಕಿಮ್ ಕೂಡ ಮೊದಲಿನ ಸ್ಥಿತಿಗೆ ಮರಳಲಿಲ್ಲ. ವ್ಯಾಂಕೂವರಿನ 228.56 ಅಂಕ ಆಕೆಗೆ ಮತ್ತೆಂದೂ ಸಿಗಲಿಲ್ಲ. ಎರಡೂ ಆಟಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, 2010ರವಳು ಗೆಲ್ಲಲು ಬಂದ ಹುಡುಗಿ. 2013ರವಳು, ಇದಿಲ್ಲದೆಯೂ ತಾನು ಇರಬಲ್ಲೆನೆಂದು ತಿಳಿದ ಮೇಲೆ ಬಂದ ಹೆಂಗಸು. ಇದು ನನ್ನ ಕಲ್ಪನೆಯಿರಬಹುದು. ಆದರೆ ಬಿಟ್ಟು ಹೋದವರಿಗೆ ಮಾತ್ರ ತಿಳಿಯುವ ಸಂಗತಿ ಒಂದಿದೆಯೆಂದು ನಾನು ಬಲ್ಲೆ. ಹೇಗೆ ಬಲ್ಲೆನೆಂದರೆ, ನಾನೂ ಬಿಟ್ಟು ಹೋದವನೇ.

ಸ್ವಂತ ವಿಷಯವನ್ನು ಲೇಖನದಲ್ಲಿ ತರಬಾರದೆಂದು ಕನ್ನಡದ ಮೇಷ್ಟ್ರು ಹೇಳುತ್ತಾರೆ. ಒಂದೇ ಪುಟಕ್ಕೆ ಅನುಮತಿ ಬೇಡುತ್ತೇನೆ. ನಮ್ಮ ತಂದೆ ಮಾರುಕಟ್ಟೆ ಯಾರ್ಡಿನಲ್ಲಿ ಹಮಾಲಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಮೊದಲ ವರ್ಷ ಇತಿಹಾಸದಲ್ಲಿ ತರಗತಿಗೆಲ್ಲ ಹೆಚ್ಚಿನ ಅಂಕ ನನಗೇ ಬಂದಿತ್ತು. ಆ ಬೇಸಿಗೆಯಲ್ಲಿ ಲಾರಿಯಿಂದ ಮೂಟೆ ಇಳಿಸುವಾಗ ಅಪ್ಪನ ಸೊಂಟ ಹಿಡಿದುಕೊಂಡಿತು, ಹಾಸಿಗೆ ಹಿಡಿದರು. ನಾನು ದಲಾಲಿ ಅಂಗಡಿಯೊಂದರಲ್ಲಿ ಚೀಟಿ ಬರೆಯುವುದಕ್ಕೆ ಸೇರಿದೆ. ಒಂದು ವರ್ಷ ಬರೆದದ್ದು ರೈತರ ಹೆಸರು, ಮೂಟೆಯ ಲೆಕ್ಕ, ತೂಕ, ದರ, ಹಮಾಲಿ, ಕಮಿಷನ್. ಅಪ್ಪ ಎದ್ದು ಓಡಾಡುವಂತಾದ ಮೇಲೆ ಅವರೇ ಒಂದು ದಿನ, "ನಿನ್ನ ಪುಸ್ತಕಕ್ಕೆ ಗೆದ್ದಲು ಹತ್ತಿಸ್ತೀಯೇನೋ?" ಎಂದು ಗದರಿ ಕಳಿಸಿದರು.

ಮರಳಿ ಬಂದಾಗ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಅಕ್ಷರಗಳ ಕ್ರಮ ತಪ್ಪಿ ಎಲ್ಲರ ಕೊನೆಗೆ ಬಂದಿತು. ಜೊತೆಯವರೆಲ್ಲ ಅಂತಿಮ ವರ್ಷದಲ್ಲಿದ್ದರು. ನಾನು ಕಿರಿಯರ ಬೆಂಚಿನಲ್ಲಿ. ಮೊದಲ ಕಿರುಪರೀಕ್ಷೆಯಲ್ಲಿ ಇತಿಹಾಸಕ್ಕೆ 20ಕ್ಕೆ 7. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಕೈಗೆ ಚೀಟಿ ಬರೆದು ರೂಢಿಯಾಗಿ, ನಾಲ್ಕು ಸಾಲಿಗೆ ವಿಷಯ ಮುಗಿದುಹೋಗುತ್ತಿತ್ತು! ಅಧ್ಯಾಪಕರೊಬ್ಬರು ಕರೆದು ಬಹಳ ವಾತ್ಸಲ್ಯದಿಂದಲೇ, "ಚಿಂತಿಸಬೇಡಪ್ಪ, ಮೊದಲಿನ ಹಾಗೆ ಆಗುತ್ತೀಯ" ಎಂದರು. ಅವರ ಮನಸ್ಸು ದೊಡ್ಡದು. ಆದರೆ ಆ ‘ಮೊದಲಿನ ಹಾಗೆ’ ಎಂಬುದು ನನ್ನ ಬೆನ್ನ ಮೇಲೆ ಮೂಟೆಯಂತೆ ಕುಳಿತಿತು. ಇಂದಿಗೂ ಮೊದಲ ವರ್ಷದ ಅಂಕಗಳನ್ನು ನಾನು ಮುಟ್ಟಿಲ್ಲ. ಆದರೆ ಹಿಂದಿನ ಅರಸರ ಕಾಲದ ಕಂದಾಯದ ಪಾಠ ಬಂದಾಗ, ‘ಆರನೆಯ ಒಂದು ಪಾಲು’ ಎಂದು ಮೇಷ್ಟ್ರು ಹೇಳಿದರೆ, ಕಿರಿಯರು ಅದನ್ನು ಬರೆದುಕೊಳ್ಳುತ್ತಾರೆ. ನನ್ನ ಕಣ್ಣಿಗೆ ಆರು ಮೂಟೆಗಳು ಕಾಣುತ್ತವೆ, ಅದರಲ್ಲೊಂದನ್ನು ಎತ್ತಿಕೊಂಡು ಹೋಗುವವನೂ ಕಾಣುತ್ತಾನೆ. ಇದಕ್ಕೆ ಪ್ರಶ್ನೆಪತ್ರಿಕೆಯಲ್ಲಿ ಅಂಕವಿಲ್ಲ. ಇರಬೇಕೆಂದು ನಾನು ಕೇಳುತ್ತಲೂ ಇಲ್ಲ.

ಅಧ್ಯಾಪಕ ವೃಂದಕ್ಕೆ ನನ್ನದು ಇಷ್ಟೇ ಪ್ರಾರ್ಥನೆ. ಪ್ರತಿ ವರ್ಷ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮೇಲೆ ಕೆಂಪು ಗೆರೆ ಬೀಳುತ್ತದೆ. ಸುಗ್ಗಿಗೆಂದು ಹೋದವರು, ಮನೆಯಲ್ಲಿ ಕಾಯಿಲೆಯೆಂದು ಹೋದವರು, ಮದುವೆಯಾಗಿ ಹೋದ ಸೋದರಿಯರು. ಇವರಲ್ಲಿ ಯಾರಾದರೂ ಮರಳಿ ಬಂದರೆ ಎಲ್ಲರೆದುರಿಗೆ ‘ಏಕೆ ಬಿಟ್ಟೆ?’ ಎಂದು ಕೇಳದೆ, ‘ಪಾಠ ಇಲ್ಲಿಯವರೆಗೆ ಬಂದಿದೆ’ ಎಂದು ಪುಟ ತೋರಿಸಿದರೆ ಸಾಕು. ಕಿಮ್‌ಗೆ ಆಕೆಯ ಹಳೆಯ ಗುರುಗಳು ಏನು ಹೇಳಿದರೋ ನನಗೆ ತಿಳಿಯದು. ಆದರೆ ಅಭ್ಯಾಸಕ್ಕೆ ನಿಲ್ಲಿಸಿಕೊಂಡರು.

ಅಸಾದಾಳ ಕಥೆ ಹನ್ನೆರಡನೆಯ ಸ್ಥಾನಕ್ಕೆ ಮುಗಿಯಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆಕೆ ಪ್ರದರ್ಶನ ತಂಡವೊಂದನ್ನು ಕಟ್ಟಿ ಜಪಾನಿನ ಊರೂರು ತಿರುಗಿದಳು. 2024ರಲ್ಲಿ ಟೋಕಿಯೋ ಬಳಿಯ ತಾಚಿಕಾವದಲ್ಲಿ ಆಕೆಯ ಹೆಸರಿನ ಐಸ್ ರಿಂಕ್ ತೆರೆಯಿತು. ಆದರೆ ಇದನ್ನು ನಾನು ವಾದಕ್ಕೆ ಬಳಸುವುದಿಲ್ಲ. ಅದು ಆಗದೆ ಇದ್ದಿದ್ದರೂ ಆಕೆ ಮರಳಿ ಬಂದದ್ದು ನನಗೆ ಸರಿಯೇ.

ನನ್ನ ಜೊತೆ ಮೊದಲ ವರ್ಷ ಓದಿದ ಗೆಳೆಯನೊಬ್ಬ ಇನ್ನೂ ಅದೇ ಯಾರ್ಡಿನಲ್ಲಿ ಚೀಟಿ ಬರೆಯುತ್ತಿದ್ದಾನೆ. ಓದಿನಲ್ಲಿ ನನಗಿಂತ ಚುರುಕು. "ಈಗ ಬಂದು ಸಣ್ಣ ಹುಡುಗರ ಜೊತೆ ಕೂತು ನಪಾಸಾಗ್ಲೇನೋ? ಆಗಿದ್ದ ಮರ್ಯಾದೆನಾದ್ರೂ ಉಳೀಲಿ ಬಿಡು" ಎನ್ನುತ್ತಾನೆ. ನನ್ನ ಕೋಣೆಯ ಮಿತ್ರನ ಸೂತ್ರವೇ. ಆದರೆ ಇವನು ಅದನ್ನು ವಾದಕ್ಕಾಗಿ ಹೇಳುವುದಿಲ್ಲ. ಹೋದ ತಿಂಗಳು ಸಂತೆಯ ದಿನ ಅವನ ಅಂಗಡಿಗೆ ಹೋಗಿದ್ದೆ. ವ್ಯಾಪಾರ ಮುಗಿದು, ಮೂಟೆಗಳ ಮೇಲೆ ಕುಳಿತು ಚಹಾ ಕುಡಿಯುವಾಗ ಮೊಬೈಲಿನಲ್ಲಿ ಅವನಿಗೆ ಒಂದು ಆಟ ತೋರಿಸಿದೆ. ಲಂಡನ್ನಿನ ಗೆಲುವನ್ನಲ್ಲ; 2016ರ ಡಿಸೆಂಬರಿನದನ್ನು, ಅಸಾದಾಳ ಕೊನೆಯ ಸ್ಪರ್ಧೆಯನ್ನು. ಸಂಗೀತ ಆರಂಭವಾಯಿತು. ಆಕೆ ಮುಮ್ಮುಖವಾಗಿ ಹಾರಿದಳು, ಟ್ರಿಪಲ್ ಆಕ್ಸೆಲ್ಲಿಗೆ.

"ಬಿದ್ಲಲ್ಲೋ!" ಎಂದ ಅವನು.

"ಹ್ಞೂಂ, ಬಿದ್ಲು. ಮುಂದೆ ನೋಡು" ಎಂದೆ.

ಚಹಾ ಆರುವವರೆಗೂ ಇಬ್ಬರೂ ನೋಡಿದೆವು. ಆಟ ಮುಗಿದ ಮೇಲೆ ಅವನು ಮೊಬೈಲನ್ನು ನನ್ನ ಕೈಗೆ ಕೊಟ್ಟು, ಚೀಟಿ ಪುಸ್ತಕವನ್ನು ಮುಚ್ಚಿ, ಪ್ರವೇಶದ ಅರ್ಜಿಗೆ ಕೊನೆಯ ತಾರೀಖು ಯಾವುದೆಂದು ಕೇಳಿದ. ನನಗೆ ನೆನಪಿರಲಿಲ್ಲ. ಕಛೇರಿಯಲ್ಲಿ ವಿಚಾರಿಸಿ ಬರುತ್ತೇನೆಂದು ಹೇಳಿ ಬಂದಿದ್ದೇನೆ.